ನಾಲ್ಕು ಹಳದಿ, ಒಂದು ಸ್ಟೀಲ್ ಡಬ್ಬಿ

ಮೊಟ್ಟೆ ಒಡೆಯುವುದು ಸುಲಭ. ಬಿಳಿಯನ್ನೂ ಹಳದಿಯನ್ನೂ ಬೇರೆ ಮಾಡುವುದೂ ಅಂಥ ಕಷ್ಟವಲ್ಲ. ಚಿಪ್ಪಿನ ಎರಡು ಹೋಳುಗಳ ನಡುವೆ ಆ ಕಡೆಯಿಂದ ಈ ಕಡೆಗೆ ಎರಡು ಸಲ ಹೊರಳಿಸಿದರೆ ಬಿಳಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ, ಹಳದಿ ಚಿಪ್ಪಿನಲ್ಲೇ ಗುಂಡಗೆ ಕೂರುತ್ತದೆ. ಹಾಗೆ ಕೂತ ಹಳದಿಯನ್ನು ಆಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾವ ಡಾಕ್ಟರೂ ಹೇಳುವುದಿಲ್ಲ. "ಹಳದಿ ತಿನ್ನಬೇಡಿ" ಎಂದು ಹೇಳಿ ಮುಂದಿನ ಪೇಷಂಟನ್ನು ಕರೆದುಬಿಡುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದ ನಾನು ಇದೊಂದನ್ನು ವಿಲೇವಾರಿ ಮಾಡಲಾಗದೆ ಮೂರು ತಿಂಗಳು ಪಟ್ಟ ಪಾಡನ್ನೂ, ಆ ಪಾಡಿನ ನಡುವೆ ಮಾಡಿದ ಒಂದು ಕಳ್ಳತನವನ್ನೂ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಸಂಬಂಧಪಟ್ಟವರಿಗೆಲ್ಲ ವಿಷಯ ಈಗಾಗಲೇ ತಿಳಿದುಹೋಗಿರುವುದರಿಂದ ಇದರಲ್ಲಿ ನನ್ನ ಧೈರ್ಯವೇನೂ ಇಲ್ಲ.

ವೈಯಾಲಿಕಾವಲ್‌ನ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಸರೋಜ. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಸೋಮವಾರ, ಶನಿವಾರ ಬಿಟ್ಟರೆ ಮಿಕ್ಕ ದಿನ ಮೊಟ್ಟೆಗೆ ನಮ್ಮಲ್ಲಿ ಅಡ್ಡಿಯಿಲ್ಲ. ಹೀಗಿರುವಾಗ ಐವತ್ತಾರು ತುಂಬಿದ ಸಂಭ್ರಮಕ್ಕೆ ರಕ್ತಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರು ರಿಪೋರ್ಟನ್ನು ಮೇಲಿನಿಂದ ಕೆಳಗೆ ಒಂದು ಸಲ, ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿ, "ಕೊಲೆಸ್ಟ್ರಾಲ್ ಜಾಸ್ತಿ ಇದೆ. ಹಳದಿ ಪೂರ್ತಿ ಬಿಟ್ಬಿಡಿ. ಬಿಳಿ ಬೇಕಾದ್ರೆ ದಿನಕ್ಕೆ ನಾಲ್ಕು ತಿನ್ನಿ" ಎಂದರು. ಕ್ಲಿನಿಕ್ಕಿನಿಂದ ಮನೆಗೆ ಬರುವಷ್ಟರಲ್ಲಿ 'ಬೇಕಾದ್ರೆ' ಎಂಬ ಮಾತು ಆಟೋದಲ್ಲೇ ಎಲ್ಲೋ ಬಿದ್ದುಹೋಯಿತು. ಸರೋಜಳ ಮನಸ್ಸಿನಲ್ಲಿ ಉಳಿದದ್ದು, ದಿನಕ್ಕೆ ನಾಲ್ಕು ಬಿಳಿ ತಿನ್ನದಿದ್ದರೆ ಗಂಡ ಉಳಿಯುವುದಿಲ್ಲ ಎಂಬುದು.

ಮೊದಲೆರಡು ದಿನ ಬೇಯಿಸಿ ಕೊಟ್ಟಳು. ಬೇಯಿಸಿದ ಬಿಳಿಯನ್ನು ಬರಿದೇ ತಿಂದವರಿಗೆ ಗೊತ್ತು, ಶಾಲೆಯಲ್ಲಿ ಪಕ್ಕದವನ ರಬ್ಬರು ಕಚ್ಚಿ ಬೈಸಿಕೊಂಡದ್ದು ನೆನಪಾಗುತ್ತದೆ. ನಾನು ಗೋಗರೆದ ಮೇಲೆ ಈರುಳ್ಳಿ, ಮೆಣಸಿನಪುಡಿ ಹಾಕಿ ಬಿಳಿಯದೇ ಆಮ್ಲೆಟ್ ಶುರುವಾಯಿತು. ಆಗ ಉಳಿಯತೊಡಗಿದವು ನೋಡಿ ಹಸಿ ಹಳದಿಗಳು. ದಿನಕ್ಕೆ ನಾಲ್ಕು. ಫ್ರಿಜ್ಜಿನ ಬಾಗಿಲು ತೆಗೆದರೆ ಬಟ್ಟಲಿನೊಳಗಿಂದ ನಾಲ್ಕು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಮರುದಿನ ಎಂಟು.

"ಸಿಂಕಿಗೆ ಸುರಿದುಬಿಡು ಸರೋಜ, ಎಲ್ಲರೂ ಹಾಗೇ ಮಾಡೋದು" ಎಂದೆ.

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ನಾನು ಕೇಳದೇ ಇದ್ದ ಕತೆಯೊಂದನ್ನು ಅವತ್ತು ಹೇಳಿದಳು. ಕುಣಿಗಲ್ ಕಡೆಯ ಅವರ ಊರಿನಲ್ಲಿ ಅವಳ ಅವ್ವ ಏಳೆಂಟು ಕೋಳಿ ಸಾಕಿದ್ದರಂತೆ. ಮೊಟ್ಟೆಗಳೆಲ್ಲ ಸಂತೆಗೆ. ಎಲ್ಲಾದರೂ ಒಂದು ಬಿರುಕು ಬಿಟ್ಟರೆ ಮಾತ್ರ ಮನೆಗೆ, ಅದೂ ಇಬ್ಬರು ತಮ್ಮಂದಿರಿಗೆ, ಗಂಡುಮಕ್ಕಳು ಬೆಳೆಯಬೇಕಲ್ಲ. ಇವಳಿಗೆ ಬಾಣಲೆ. ಅದನ್ನು ಮುದ್ದೆಯಿಂದ ಒರೆಸಿ ತಿನ್ನುವುದು. "ಒಂದು ದಿನ ತಡೀಲಾರದೆ ನಾನೇ ಬೇಕಂತ ಒಂದು ಮೊಟ್ಟೆ ಒಡೆದೆ ಕಣ್ರೀ. ಅವ್ವ ಮೊಟ್ಟೆ ನೋಡಿದ್ಲು, ನನ್ನ ಮುಖ ನೋಡಿದ್ಲು. ಬೈಯಲಿಲ್ಲ. ಹುಡುಗರನ್ನ ಮೇಕೆ ಕಟ್ಟೋಕೆ ಅಂತ ಕಳಿಸಿ, ಬೇಯಿಸಿ ಪೂರ್ತಿ ನನಗೇ ಕೊಟ್ಲು. ಹಳದಿ ಇನ್ನೂ ಅರ್ಧ ಬೆಂದಿತ್ತು. ಆ ರುಚಿ ಇವತ್ತಿಗೂ ನಾಲಿಗೆ ಮೇಲಿದೆ. ಅದನ್ನ ಸಿಂಕಿಗೆ ಸುರಿ ಅಂತೀರಲ್ಲ!"

ಸಿಂಕಿನ ಮಾತನ್ನು ಮತ್ತೆ ನಾನು ಎತ್ತಲಿಲ್ಲ.

ಅಲ್ಲಿಂದ ನಮ್ಮ ಅಡುಗೆಮನೆಯಲ್ಲಿ ಹಳದಿಯ ಕಾಲ. ಚಪಾತಿ ಹಿಟ್ಟಿಗೆ ಎರಡು. ಮೆಂತ್ಯಸೊಪ್ಪಿನ ಜೊತೆ ಹುರಿದು ಪಲ್ಯಕ್ಕೆ ನಾಲ್ಕು. ಟೊಮ್ಯಾಟೊ ಗೊಜ್ಜು ಗಟ್ಟಿಯಾಗಲಿ ಎಂದು ಎರಡು ಹಾಕಿದರೆ ಅದು ಒಡೆದು, ಗೊಜ್ಜಿನ ತುಂಬ ಹಳದಿ ಕಾಳು ತೇಲಿದವು. ಇದನ್ನೆಲ್ಲ ತಿನ್ನುವವಳು ಅವಳೊಬ್ಬಳೇ. ನಾನು ಎದುರಿಗೆ ಕೂತು ನನ್ನ ಪಾಲಿನ ಬಿಳಿಯನ್ನು ಅಗಿಯುತ್ತ, ಮೆಂತ್ಯಸೊಪ್ಪಿನ ಘಮವನ್ನು ಮೂಗಿನಿಂದ ತಿನ್ನುತ್ತಿದ್ದೆ. ಒಂದು ಭಾನುವಾರ ಗಂಡಸಾಗಿ ನಾನೂ ನೆರವಾಗಬೇಕೆಂದು ಫೋನಿನಲ್ಲಿ ನೋಡಿಕೊಂಡು ಕಸ್ಟರ್ಡ್ ಮಾಡಲು ನಿಂತೆ. ಉರಿ ಸಣ್ಣಗಿರಲಿ ಎಂದು ಫೋನಿನ ಹೆಂಗಸು ಹೇಳುವಷ್ಟರಲ್ಲಿ ನನ್ನದು ಕುದಿದು ಗಂಟುಗಂಟಾಗಿತ್ತು. ಸರೋಜ ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ, ಸಿಹಿ ಬುರ್ಜಿ" ಎಂದಳು. ಇನ್ನೊಮ್ಮೆ ಹಳದಿಗಳನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟೆ. ಅವು ಅಂಟಿನ ಉಂಡೆಗಳಾಗಿ, ಕರಗಿಸಿದರೂ ಕರಗದಂತಾದವು. ಊರಿನಿಂದ ಬಂದ ಅವಳ ತಮ್ಮ ಐಸೆಂದುಕೊಂಡು ಆ ಟ್ರೇಯಿಂದ ಎರಡನ್ನು ನಿಂಬೆ ಪಾನಕಕ್ಕೆ ಹಾಕಿಕೊಂಡ. ನಾನು ತಡೆಯಲು ಎದ್ದರೆ ಸರೋಜ ನನ್ನ ಅಂಗಿ ಹಿಡಿದೆಳೆದು ಮೆಲ್ಲಗೆ, "ಚಿಕ್ಕಂದಿನಲ್ಲಿ ನನ್ನ ಪಾಲಿಂದೂ ತಿಂದಿದ್ದಾನಲ್ಲ, ತಿನ್ನಲಿ ಬಿಡಿ" ಎಂದಳು.

ಇಂಥ ಹೊತ್ತಿನಲ್ಲೇ ಲೀಲಾವತಿ ಮೇಡಂ ಸಿಕ್ಕಿದ್ದು. ನಮ್ಮ ಹಿಂದಿನ ಬೀದಿಯವರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಸಂಪಿಗೆ ರಸ್ತೆಯ ಅಂಗಡಿಯೆದುರು ನನ್ನ ಕೈಯಲ್ಲೊಂದು ಮೂವತ್ತು ಮೊಟ್ಟೆಯ ಟ್ರೇ, ಅವರ ಕೈಯಲ್ಲೊಂದು. ಟ್ರೇ ಹಿಡಿದ ಇಬ್ಬರು ಎದುರಾದರೆ ನಮಸ್ಕಾರ ಮಾಡುವಂತಿಲ್ಲ, ಮಾತೇ ಆಡಬೇಕು. ನಿವೃತ್ತಿಯಾದ ಮೇಲೆ ಓವನ್ ಕೊಂಡಿದ್ದಾರಂತೆ. ಅವೆನ್ಯೂ ರಸ್ತೆಯಿಂದ ತಂದ ದಪ್ಪ ನೋಟ್‌ಬುಕ್ಕಿನಲ್ಲಿ ಲೆಕ್ಕವಿಲ್ಲದಷ್ಟು ಬಿಸ್ಕತ್ತಿನ ವಿಧಾನ ಬರೆದಿಟ್ಟಿದ್ದಾರಂತೆ. "ಹಳದಿ ಮಾತ್ರ ಹಾಕಿದ್ರೆ ಬಾಯಲ್ಲಿಟ್ಟರೆ ಕರಗುತ್ತೆ ಸಾರ್. ಆದ್ರೆ ಬಿಳಿ ಉಳಿದುಬಿಡುತ್ತೆ, ಏನ್ಮಾಡೋದು ಅಂತಾನೇ ಗೊತ್ತಾಗಲ್ಲ" ಎಂದರು.

ಅಲ್ಲೇ ಒಪ್ಪಂದವಾಯಿತು: ನಮ್ಮ ಹಳದಿ ಅವರಿಗೆ, ಅವರ ಬಿಳಿ ನಮಗೆ. ಮನೆಗೆ ಬಂದು ಸರೋಜಳಿಗೆ ಹೇಳುವಾಗ ಎರಡು ರಾಜ್ಯಗಳ ನಡುವೆ ನೀರು ಹಂಚಿ ಬಂದವನ ಗತ್ತು ನನ್ನದು. ಮರುದಿನ ಬೆಳಗಿನ ವಾಕಿಂಗಿನಲ್ಲಿ ನಾಲ್ಕು ಹಳದಿಯ ಡಬ್ಬಿ ಕೊಟ್ಟು, ಹಿಂದಿನ ದಿನ ಅವರಲ್ಲಿ ಉಳಿದಿದ್ದ ನಾಲ್ಕು ಬಿಳಿ ತಂದೆ. ಬಿಳಿ ಬಂದಿತೆಂದು ಸರೋಜ ಅವತ್ತು ಮೊಟ್ಟೆ ಒಡೆಯಲಿಲ್ಲ. ಹಳದಿ ಬಂದಿತೆಂದು ಅವರೂ ಒಡೆಯಲಿಲ್ಲ. ಅದರ ಮಾರನೆಯ ದಿನ ನಮ್ಮಲ್ಲಿ ಹಳದಿಯಿಲ್ಲ, ಅವರಲ್ಲಿ ಬಿಳಿಯಿಲ್ಲ. ಪದವಿ ಪಡೆದು ಸರ್ಕಾರ ನಡೆಸಿದ ಇಬ್ಬರಿಗೆ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಸರೋಜ ನಕ್ಕಳು. ಕೊನೆಗೆ ಮೊಟ್ಟೆ ಒಡೆಯುವುದು ನಮ್ಮ ಮನೆಯಲ್ಲಿ ಮಾತ್ರ, ಹಳದಿಯಷ್ಟೂ ಅವರಿಗೆ ಎಂದು ತಿದ್ದುಪಡಿಯಾಯಿತು. ಒಂದೊಂದು ದಿನ ಮಾತ್ರ ಪಲ್ಯಕ್ಕೆಂದು ಸರೋಜ ಅದರಲ್ಲಿ ಒಂದೆರಡು ಇಟ್ಟುಕೊಳ್ಳುವಳು.

ಸಮಸ್ಯೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಬಂದ ಡಬ್ಬಿಯನ್ನು ಯಾರೂ ಖಾಲಿ ಕಳಿಸುವುದಿಲ್ಲ. ಹಳದಿ ಹೋದ ಡಬ್ಬಿಯಲ್ಲಿ ಲೀಲಾವತಿ ಮೇಡಂ ಎಂಟು ಬಿಸ್ಕತ್ತು ಹಾಕಿ ಕೊಟ್ಟರು. ಬೆಣ್ಣೆಯ ವಾಸನೆ ಮುಚ್ಚಳದ ಸಂದಿಯಿಂದ ಬರುತ್ತಿತ್ತು. ಎರಡು ಬೀದಿಗಳ ನಡುವೆ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಶೂ ಲೇಸು ಕಟ್ಟಿಕೊಳ್ಳಲು ಕೂತೆ. ಲೇಸು ಬಿಚ್ಚಿರಲಿಲ್ಲ ಎಂಬುದು ಕೂತ ಮೇಲೆ ತಿಳಿಯಿತು. ಮನೆಗೆ ತಲುಪಿದಾಗ ಡಬ್ಬಿಯಲ್ಲಿ ನಾಲ್ಕಿದ್ದವು. ಬಿಸ್ಕತ್ತಿನೊಳಗಿನ ಹಳದಿ ಹಳದಿಯಲ್ಲ, ಅದು ಬಿಸ್ಕತ್ತು ಎಂದು ಬೆಂಚಿನ ಮೇಲೆಯೇ ತೀರ್ಮಾನಿಸಿದ್ದೆ.

ಮರುದಿನ ಸರೋಜ ಹಳದಿಯ ಡಬ್ಬಿಯ ಜೊತೆ ಇನ್ನೊಂದು ಡಬ್ಬಿಯಲ್ಲಿ ಹನ್ನೆರಡು ಕೋಡುಬಳೆ ಇಟ್ಟಳು. ಬೆಂಚು ದಾರಿಯಲ್ಲೇ ಇತ್ತು, ಅದು ಹೋಗುವಾಗಲೂ ಸಿಗುತ್ತದೆ. ಮೂವತ್ತು ವರ್ಷ ಕಚೇರಿಯಲ್ಲಿ ಯಾರ ಕೈಯಿಂದಲೂ ಒಂದು ಲೋಟ ಕಾಫಿ ಸಹ ಮುಟ್ಟದವನು ಎಂದು ನನಗೆ ಹೆಸರಿದೆ. ಆ ಹೆಸರನ್ನೆಲ್ಲ ಹೊಂಗೆಮರದ ಕೆಳಗೆ ಎರಡೂ ಕಡೆಯಿಂದ ಅರ್ಧರ್ಧ ಪಾಲು ತೆಗೆದುಕೊಂಡು ಕಳೆದುಕೊಂಡೆ. ವಿಚಿತ್ರವೆಂದರೆ ದಿನದಿಂದ ದಿನಕ್ಕೆ ಡಬ್ಬಿಗಳು ಭಾರವಾಗತೊಡಗಿದವು. ಬಿಸ್ಕತ್ತು ಎಂಟಿದ್ದದ್ದು ಹನ್ನೆರಡಾಯಿತು, ಹದಿನಾರಾಯಿತು, ಜೊತೆಗೆ ಕೇಕಿನ ತುಂಡು. ನಮ್ಮ ಕಡೆಯಿಂದ ನಿಪ್ಪಟ್ಟು, ಚಕ್ಕುಲಿ, ಹಬ್ಬವಿಲ್ಲದಿದ್ದರೂ ಒಬ್ಬಟ್ಟು. ಹೆಂಗಸರ ಸ್ನೇಹ ಎಷ್ಟು ಬೇಗ ಬೆಳೆಯುತ್ತದಪ್ಪಾ ಎಂದು ಸಂತೋಷಪಡುತ್ತ ನನ್ನ ಪಾಲನ್ನೂ ಬೆಳೆಸಿಕೊಂಡೆ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತಪರೀಕ್ಷೆ. ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಜಾಸ್ತಿಯಾಗಿದೆಯಲ್ರೀ! ಹಳದಿ ತಿಂತಿದೀರಾ?"

ನಾನು ಬಾಯಿ ತೆರೆಯುವ ಮೊದಲೇ ಸರೋಜ, "ಒಂದು ತೊಟ್ಟೂ ಇಲ್ಲ ಸಾರ್. ನಾನೇ ಕೈಯಾರೆ ಬೇರೆ ಮಾಡಿ ಕೊಡ್ತೀನಿ. ಪಾಪ, ಬಾಯಿ ಕಟ್ಟಿ ಕೂತಿದಾರೆ" ಎಂದಳು. ಡಾಕ್ಟರು ವಂಶಪಾರಂಪರ್ಯ ಇರಬಹುದೆಂದು ತೀರಿಹೋದ ನನ್ನ ತಂದೆಯ ಮೇಲೆ ಅನುಮಾನಪಟ್ಟು, ದೊಡ್ಡ ಮಾತ್ರೆಯೊಂದನ್ನು ಬರೆದುಕೊಟ್ಟರು. ಏನೂ ಅರಿಯದ ಅಪ್ಪನ ಮೇಲೆ ಈ ಆರೋಪ ಬಂದರೂ ನಾನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡೆ.

ಮನೆಗೆ ಬಂದವಳೇ ಸರೋಜ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. "ತಪ್ಪು ನಂದೇ. ನಿಮ್ಮ ಕಣ್ಣೆದುರಿಗೇ ಕೂತ್ಕೊಂಡು ಹಳದಿ ತಿಂತಿದ್ದೆ. ಆಸೆ ತಡೆದೂ ತಡೆದೂ ನಿಮ್ಮ ಮೈಗೆ ಹತ್ತಿರಬೇಕು. ಇವತ್ತಿಂದ ನಾನೂ ಮೊಟ್ಟೆ ಮುಟ್ಟಲ್ಲ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಪಲ್ಯಕ್ಕೆಂದು ತೆಗೆದಿಟ್ಟಿದ್ದ ಎರಡು ಹಳದಿಯನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು.

ಊಟ ಸೇರಲಿಲ್ಲ. ಬಾಣಲೆ ಒರೆಸಿ ತಿಂದು ಬೆಳೆದವಳು, ಈಚೆಗಷ್ಟೇ ಬಟ್ಟಲು ತುಂಬ ತಿನ್ನತೊಡಗಿದ್ದವಳು, ನನ್ನ ಹೊಟ್ಟೆಬಾಕತನಕ್ಕೆ ಬಾಯಿ ಕಟ್ಟಿಕೊಂಡಳಲ್ಲ ಎಂದು ಅನ್ನದಲ್ಲಿ ಬೆರಳಾಡಿಸುತ್ತ ಕೂತೆ. ಮೊಸರಿಗೆ ಬರುವ ಹೊತ್ತಿಗೆ ತಡೆಯಲಾರದೆ, ಹೊಂಗೆಮರ, ಬೆಂಚು, ಶೂ ಲೇಸು, ಬಿಸ್ಕತ್ತು, ಕೇಕು ಎಲ್ಲ ಹೇಳಿಬಿಟ್ಟೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿ ಏನೋ ಯೋಚಿಸಿದಳು.

"ರೀ, ಹಾಗಾದ್ರೆ ನನ್ನ ಕೋಡುಬಳೆ?"

"ಕೋಡುಬಳೆ ಏನು?"

"ಅವರ ಮನೆಗೆ ಎಷ್ಟು ತಲುಪ್ತಿತ್ತು?"

"ಅರ್ಧ... ಒಂದೊಂದು ದಿನ ಅರ್ಧಕ್ಕೆ ಒಂದೆರಡು ಕಮ್ಮಿ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಮಾನ ಹೋಯ್ತಲ್ಲ! ಅವರು ನಾಲ್ಕೇ ನಾಲ್ಕು ಬಿಸ್ಕತ್ತು ಕಳಿಸ್ತಾರೆ, ಪಾಪ ಕೈ ಸ್ವಲ್ಪ ಬಿಗಿ ಅಂತ ನಾನು ಅಂದ್ಕೊಂಡೆ. ನಾವಾದ್ರೂ ಧಾರಾಳವಾಗಿ ಕಳಿಸೋಣ ಅಂತ ದಿನಾ ಜಾಸ್ತಿ ಇಟ್ಟೆ. ಅವರು ನನ್ನನ್ನೇ ಜಿಪುಣಿ ಅಂದ್ಕೊಂಡಿರ್ತಾರಲ್ರೀ!"

ಹೆಂಡತಿಗೆ ಗಂಡನ ರಕ್ತ ಮರೆತುಹೋಗಿತ್ತು. ಅವತ್ತು ಮಧ್ಯಾಹ್ನವೇ ಒಲೆ ಹಚ್ಚಿ ದೊಡ್ಡ ಡಬ್ಬಿಯ ತುಂಬ ಕೋಡುಬಳೆ ಕರಿದು, ಸೀರೆ ಬದಲಾಯಿಸಿ, ತಾನೇ ಹೊತ್ತುಕೊಂಡು ಹೋದಳು. ಹೊತ್ತು ಮುಳುಗುವ ಮುಂಚೆ ಬಂದಳು, ನಕ್ಕೂ ನಕ್ಕೂ ಕೆಂಪಗಾಗಿ. ಲೀಲಾವತಿ ಮೇಡಂ ಕೂಡ ಹಾಗೇ ಅಂದುಕೊಂಡಿದ್ದರಂತೆ. ಐದಾರು ಕೋಡುಬಳೆ ಕಳಿಸುವವರ ಮನೆಯಲ್ಲಿ ಏನು ತಾಪತ್ರಯವೋ, ನಾವಾದರೂ ಕೈತುಂಬ ಕಳಿಸೋಣ ಎಂದು ಬಿಸ್ಕತ್ತು ಏರಿಸಿದರಂತೆ. ಇವರಿಬ್ಬರೂ ಒಬ್ಬರಿಗೊಬ್ಬರು ಮರುಕಪಟ್ಟಷ್ಟೂ ನನ್ನ ರಕ್ತ ಗಟ್ಟಿಯಾಗುತ್ತ ಹೋಗಿತ್ತು.

ಈಗ ಡಬ್ಬಿ ಹೊರುವ ಕೆಲಸದಿಂದ ನನಗೆ ಬಿಡುಗಡೆಯಾಗಿದೆ. ಬೆಳಿಗ್ಗೆ ಸರೋಜಳೇ ಹಳದಿ ತೆಗೆದುಕೊಂಡು ಹೋಗುತ್ತಾಳೆ. ಓವನ್ನಿನ ಮುಂದೆ ಇಬ್ಬರೂ ಕುರ್ಚಿ ಹಾಕಿಕೊಂಡು ಬಿಸಿಬಿಸಿ ತಿನ್ನುತ್ತಾರೆ. ಮುಟ್ಟಲ್ಲ ಎಂದ ಮಾತನ್ನು ಅವಳು ವಾಪಸು ಪಡೆದಾಗಿದೆ. ಮನೆಗೆ ಬರುವಾಗ ಅವಳ ಸೆರಗಿನ ಮೇಲೆ ಪುಡಿ ಇರುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ನನ್ನ ಬಿಳಿ ಆಮ್ಲೆಟನ್ನು ನಾನೇ ಮಾಡಿಕೊಳ್ಳಲು ಕಲಿತಿದ್ದೇನೆ.

ಮೊನ್ನೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ನನ್ನ ರಿಪೋರ್ಟ್ ಸುಧಾರಿಸಿತ್ತು. "ನೋಡಿದ್ರಾ, ಮಾತ್ರೆ ಕೆಲಸ ಮಾಡ್ತು" ಎಂದು ಡಾಕ್ಟರು ಸಂತೋಷಪಟ್ಟರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆರು ತಿಂಗಳು ಹಳದಿ ತಿಂದ ಹೆಂಡತಿಯ ಗತಿಯೇನು ಎಂಬ ಕಳಕಳಿಯಿಂದ, ಅವಳಿಗೂ ಹಳದಿ ನಿಂತರೆ ಬಿಳಿಗೊಬ್ಬ ಜೊತೆಗಾತಿ ಸಿಕ್ಕಾಳೆಂಬ ಸ್ವಲ್ಪ ಆಸೆಯಿಂದಲೂ, ಅವಳದೂ ಪರೀಕ್ಷೆ ಮಾಡಿಸಿದ್ದೆ. ಡಾಕ್ಟರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ರಿಪೋರ್ಟ್ ನಾನು ನೋಡೇ ಇಲ್ಲ. ಏನು ತಿಂತೀರಮ್ಮ ನೀವು?"

ಸರೋಜ ನನ್ನ ಕಡೆ ಒಮ್ಮೆ ನೋಡಿ, "ಇವರು ಬಿಟ್ಟಿದ್ದನ್ನ ಸಾರ್" ಎಂದಳು.

ಡಾಕ್ಟರು ಪೆನ್ನು ಹಿಡಿದು ಇನ್ನಷ್ಟು ಕೇಳಿಕೊಳ್ಳಲು ಅವಳ ಕಡೆ ಬಾಗಿದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.