ಬೀಗ ಹಾಕಿ ಕಾಪಾಡಿದ ಹಕ್ಕಿನ ಬಗ್ಗೆ ಜಿನೀವಾಕ್ಕೊಂದು ದೂರು

ಮಾನ್ಯರೇ,

ಜಿನೀವಾದ ತಂಪಿನಲ್ಲಿ ಕುಳಿತು ಲೋಕದ ಸಮಸ್ತರ ಶೌಚಾಲಯದ ಹಕ್ಕನ್ನು ಕಾಯುತ್ತಿರುವ ವಿಶ್ವ ನೈರ್ಮಲ್ಯ ಹಕ್ಕುಗಳ ಪರಿವೀಕ್ಷಣಾ ಸಮಿತಿಯ ಘನ ಅಧ್ಯಕ್ಷರಿಗೆ, ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮೇಲಿನಗಡ್ಡಿ ಗ್ರಾಮ ಪಂಚಾಯಿತಿ ಅಧ್ಯಕ್ಷ ಸಂಗಮನಾಥನು ಕೃಷ್ಣೆಯ ದಂಡೆಯಿಂದ ಮಾಡುವ ನಮಸ್ಕಾರಗಳು. ತಾವೂ ಅಧ್ಯಕ್ಷರು, ನಾನೂ ಅಧ್ಯಕ್ಷ. ತಮಗೆ ಸರೋವರವಿದೆ, ನನಗೆ ಹೊಳೆಯಿದೆ. ಆದ್ದರಿಂದ ನನ್ನ ಸಂಕಟ ತಮಗೆ ತಿಳಿದೀತೆಂಬ ಧೈರ್ಯದಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮನುಷ್ಯರ ಹಕ್ಕುಗಳ ಮೇಲೆ ಕಣ್ಣಿಡುವ ಜಾಗತಿಕ ಕೆಲಸದಲ್ಲಿ ಇನ್ನು ಮುಂದೆ ಸ್ಥಳೀಯ ಸರಕಾರಗಳೂ ಪಾಲುದಾರರು ಎಂಬ ತಮ್ಮ ಸುತ್ತೋಲೆ ದೆಹಲಿ, ಬೆಂಗಳೂರು, ಯಾದಗಿರಿಗಳಲ್ಲಿ ಒಂದೊಂದು ಸಹಿ ಹೊತ್ತುಕೊಂಡು ನಮ್ಮ ಪಂಚಾಯಿತಿಗೆ ಬಂದಿಳಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅದುವರೆಗೆ ನಾನು ಚರಂಡಿ ಮತ್ತು ಬೀದಿದೀಪಗಳ ಮಟ್ಟದ ಮನುಷ್ಯ. ಊರಿನಲ್ಲಿ ಹಕ್ಕು ಕೊಡಬೇಕಾದವನೂ ನಾನೇ, ಕೊಟ್ಟಿದ್ದೇನೋ ಇಲ್ಲವೋ ಎಂದು ಪರೀಕ್ಷಿಸಬೇಕಾದವನೂ ನಾನೇ, ಎಲ್ಲವೂ ಸರಿಯಾಗಿದೆ ಎಂದು ತಮಗೆ ವರದಿ ಬರೆಯಬೇಕಾದವನೂ ನಾನೇ ಎಂಬ ಏರ್ಪಾಟು ನನಗೆ ಬಹಳ ಹಿಡಿಸಿತು. ಇಷ್ಟು ಸರಳವಾದ ನ್ಯಾಯ ನಾನು ಎಲ್ಲೂ ಕಂಡಿಲ್ಲ.

ತಮ್ಮ ಪರಿವೀಕ್ಷಕರು ಯಾವ ಹೊತ್ತಿನಲ್ಲಾದರೂ ಬರಬಹುದೆಂದು ಸುತ್ತೋಲೆಯಲ್ಲಿತ್ತು. ಹೊಳೆದಂಡೆಯ ಓಣಿಯಲ್ಲಿ ಹೆಂಗಸರಿಗಾಗಿ ಹೊಸದಾಗಿ ಕಟ್ಟಿಸಿದ ಶೌಚಾಲಯವೇ ನಮ್ಮ ಪಂಚಾಯಿತಿಯ ಏಕೈಕ ಹೆಮ್ಮೆ. ಅದನ್ನು ಹೆಂಗಸರು ಬಳಸಿದರೆ ಹೊಲಸಾಗುತ್ತದೆ, ಹೊಲಸಾದರೆ ಜಿನೀವಾದಲ್ಲಿ ದೇಶದ ಮಾನ ಹೋಗುತ್ತದೆ ಎಂದು ದೂರಾಲೋಚಿಸಿ ನಾನು ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಹಕ್ಕನ್ನು ಇದಕ್ಕಿಂತ ಭದ್ರವಾಗಿ ಕಾಪಾಡಿದ ಸ್ಥಳೀಯ ಸರಕಾರವಿದ್ದರೆ ದಯವಿಟ್ಟು ತಿಳಿಸಬೇಕು.

ಅದೇ ಓಣಿಯಲ್ಲಿ ಮೀನು ಮಾರುವ ಹಣಮಂತಮ್ಮನಿದ್ದಾಳೆ. ಅವಳ ಸೊಸೆ ಭಾರತಿ ತುಂಬಿದ ಬಸುರಿ. ಬೀಗ ಬಿದ್ದ ಮೇಲೆ ಓಣಿಯ ಹೆಂಗಸರು ಕತ್ತಲಾಗುವ ತನಕ ತಡೆದುಕೊಂಡು ಹಿಂದಿನಂತೆ ಹೊಳೆಯ ಕಡೆಗೇ ಹೋಗುತ್ತಿದ್ದರು. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಾಗ ದಂಡೆ ಮುಳುಗಿ ಕೆಸರಿನ ಇಳಿಜಾರೊಂದೇ ಉಳಿದಿತ್ತು. ಭಾರತಿ ಅಲ್ಲಿ ಜಾರಿ ಬಿದ್ದಳು. ಕೂಸಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರೂ ಆ ಹುಡುಗಿ ಹೆದರಿ ಹಗಲು ನೀರು ಕುಡಿಯುವುದನ್ನೇ ಬಿಟ್ಟಳು. ಹಣಮಂತಮ್ಮ ನನ್ನ ಮನೆ ಬಾಗಿಲಿಗೆ ಬಂದು, “ಬಾಯಿಗಿ ಹನಿ ನೀರ ಹಾಕವಲ್ಲಳ್ರಿ ಹುಡುಗಿ. ಕೀಲಿಕೈ ಕೊಡ್ರಿ,” ಎಂದು ಕೇಳಿದಾಗ, ಪರಿವೀಕ್ಷಕರು ಬಂದು ಹೋಗಲಿ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಆಗ ನನ್ನ ಧ್ವನಿ ನನಗೇ ಇಷ್ಟವಾಗಿತ್ತು.

ಕೊನೆಗೂ ತಮ್ಮ ಪರಿವೀಕ್ಷಕಿ ಬಂದರು, ನಾನು ಸ್ವಾಗತ ಸಮಾರಂಭ ಏರ್ಪಡಿಸಿದೆ. ನಮ್ಮ ಸೀಮೆಯಲ್ಲಿ ಶಾಲು ಹೊದಿಸಿಕೊಂಡವರು ಹೊದಿಸಿದವರ ಮೇಲೆ ದೂರು ಹೇಳುವ ಪದ್ಧತಿಯಿಲ್ಲ. ಈ ಪದ್ಧತಿಯ ಮೇಲೆ ಭಾರ ಹಾಕಿ ನಾನು ಪರಿವೀಕ್ಷಕಿಗಿಂತ ಮೊದಲು ಹಣಮಂತಮ್ಮನನ್ನೇ ವೇದಿಕೆಗೆ ಕರೆದು, ಹಕ್ಕು ಪಡೆದ ಆದರ್ಶ ಮಹಿಳೆಯೆಂದು ಕೊಂಡಾಡಿ ಶಾಲು ಹೊದಿಸಿದೆ. ಅವಳು ಅದನ್ನು ತೆಗೆದು, ನೀಟಾಗಿ ಮಡಚಿ, ನನ್ನ ಹೆಗಲ ಮೇಲಿಟ್ಟು, “ಶಾಲ ನೀವ ಹೊಚ್ಕೊರ್ರಿ. ನಮಗ ಕೀಲಿಕೈ ಕೊಡ್ರಿ,” ಎಂದಳು. ಅನುವಾದಕ್ಕೆಂದು ಶಹಾಪುರದಿಂದ ನಾನೇ ಕರೆಸಿದ್ದ ದಾನೇಶ್ವರಿ ಎಂಬ ಉಪನ್ಯಾಸಕಿ ಒಂದಕ್ಷರವನ್ನೂ ಬಿಡದೆ ಅನುವಾದಿಸಿದರು.

ನಾನು ತಬ್ಬಿಬ್ಬಾಗಿ ಮಿರ್ಚಿಭಜಿ, ಚಹಾ ತರಿಸಿದೆ. ಪರಿವೀಕ್ಷಕಿ ಸಂಕೋಚದಿಂದ ಬೇಡವೆನ್ನದೆ ಕುಡಿದೇ ಕುಡಿದರು. ಕುಡಿದ ಮೇಲೆ, ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಇಡೀ ಊರಿನ ಎದುರು ನಾನು ಉಡಿದಾರ ತಡಕಾಡಿ, ತುಕ್ಕು ಹಿಡಿದ ಬೀಗದೊಂದಿಗೆ ಗುದ್ದಾಡಿ ಬಾಗಿಲು ತೆರೆದೆ. ಅತಿಥಿ ಹೊರಬಂದದ್ದೇ ಭಾರತಿ ಒಳಹೋದಳು, ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಸಾಲು ನಿಂತರು. ಹೊರಗೆ ಬಂದ ಹುಡುಗಿ ತುಂಬಿದ ಚೊಂಬು ಎತ್ತಿ ಗಟಗಟನೆ ನೀರು ಕುಡಿದಳು, ಹಾಡುಹಗಲಿನಲ್ಲಿ, ಎಲ್ಲರೆದುರು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯಾದರೆ ಏನು ಮಾಡಬೇಕೆಂದು ತಮ್ಮ ಸುತ್ತೋಲೆಯಲ್ಲಿ ಯಾವ ಸೂಚನೆಯೂ ಇರಲಿಲ್ಲ.

ಬೀಗವನ್ನು ಹಣಮಂತಮ್ಮ ಅಂದೇ ಹೊಳೆಗೆ ಎಸೆದಿದ್ದಾಳೆ. ಆದ್ದರಿಂದ ಸಮಿತಿಯು ಮುಳುಗುಗಾರರನ್ನು ಕಳಿಸಿ ಸ್ಥಳೀಯ ಸರಕಾರದ ಆ ಆಸ್ತಿಯನ್ನು ಹುಡುಕಿಸಿಕೊಡಬೇಕು. ಮುಂದೆ ಬರುವ ಪರಿವೀಕ್ಷಕರು ಚಹಾ ಕುಡಿಯದವರಾಗಿರಬೇಕು, ಕುಡಿದರೂ ಯಾದಗಿರಿ ಮುಟ್ಟುವ ತನಕ ತಡೆದುಕೊಳ್ಳಬಲ್ಲವರಾಗಿರಬೇಕು. ನಮ್ಮ ಹೆಂಗಸರು ಇದಕ್ಕಿಂತ ಹೆಚ್ಚು ತಡೆದುಕೊಂಡಿದ್ದಾರೆ. ಇದಾವುದೂ ಆಗದಿದ್ದರೆ, ತಪಾಸಣೆ ಮುಗಿಯುವ ತನಕ ಪಂಚಾಯಿತಿ ಅಧ್ಯಕ್ಷರೆಲ್ಲರ ಮನೆಯ ಶೌಚಾಲಯಗಳಿಗೂ ಬೀಗ ಹಾಕಿಸಿ, ಕೀಲಿಕೈಗಳನ್ನು ಜಿನೀವಾದಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ. ನನ್ನ ಮನೆಯಿಂದಲೇ ಆರಂಭಿಸಬಹುದು. ಮುಂದಿನ ವರದಿ ನಾನು ಬಹಳ ಬೇಗ, ಬಹಳ ನಿಜವಾಗಿ ಬರೆಯುತ್ತೇನೆ.

ಕಣ್ಣಿಡಲು ಹೋಗಿ ಕಣ್ಣಿಗೆ ಬಿದ್ದ,
ತಮ್ಮ ವಿಶ್ವಾಸಿ,
ಸಂಗಮನಾಥ
ಅಧ್ಯಕ್ಷ, ಮೇಲಿನಗಡ್ಡಿ ಗ್ರಾಮ ಪಂಚಾಯಿತಿ

ಮರೆತ ಮಾತು: ನಾನು ಹೆದರಿದಂತೆಯೇ ಶೌಚಾಲಯ ಈಗ ದಿನವೂ ಹೊಲಸಾಗುತ್ತಿದೆ. ತೊಳೆಯಲು ಓಣಿಯವರು ಪಾಳಿ ಹಚ್ಚಿದ್ದು, ಅದರಲ್ಲಿ ನನ್ನನ್ನೂ ಸೇರಿಸಿದ್ದಾರೆ. ಅಧ್ಯಕ್ಷರಿಗೆ ವಿನಾಯಿತಿ ನೀಡುವ ಅಂತರರಾಷ್ಟ್ರೀಯ ಒಪ್ಪಂದ ಯಾವುದಾದರೂ ಇದ್ದರೆ ಕೂಡಲೇ ಕಳಿಸಬೇಕು. ಈ ಪತ್ರವನ್ನು ಹಣಮಂತಮ್ಮನಿಗೆ ಓದಿ ಹೇಳಿದಾಗ ಅವಳೆಂದದ್ದು ಇಷ್ಟೇ: “ಜಿನೀವಾಕ್ಕ ಬರೀರಿ, ಬ್ಯಾಡ ಅನ್ನಂಗಿಲ್ಲ. ಇವತ್ತಿನ ಪಾಳಿ ನಿಮ್ದದ. ಕಸಬರಗಿ ಬಾಗಲ ಹಿಂದ ಅದ ನೋಡ್ರಿ.”