ಭಾವನ ತಳ್ಳುಗಾಡಿ

ಮೋಟಾರ್ ಸೈಕಲ್ ಓಡಿಸಲು ಲೈಸೆನ್ಸ್ ಬೇಕು, ತಳ್ಳುವುದಕ್ಕೆ ಬೇಡ. ಹಾಗೆ ನೋಡಿದರೆ ನಮ್ಮ ಭಾವ ಲೈಸೆನ್ಸ್ ಮಾಡಿಸಿದ್ದೇ ದಂಡ! ವಿಶಾಖಪಟ್ಟಣದಲ್ಲಿ ಅವರನ್ನು ಗಾಡಿಯ ಮೇಲೆ ಕಂಡವರಿಗಿಂತ ಗಾಡಿಯ ಪಕ್ಕದಲ್ಲಿ, ಬೆವರೊರೆಸಿಕೊಳ್ಳುತ್ತ ನಡೆಯುವುದನ್ನು ಕಂಡವರೇ ಹೆಚ್ಚು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬ್ಯಾಂಕ್ ಅಧಿಕಾರಿ. ಹಾಸನದಿಂದ ವರ್ಗವಾಗಿ ಅಲ್ಲಿಗೆ ಬಂದಿದ್ದರು. ನಾನು ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ಅವರ ಮನೆಯಲ್ಲೇ ಉಳಿದಿದ್ದೆ. ಬೆಳಗಾದರೆ ಭಾವ ಬ್ಯಾಂಕಿಗೆ, ನಾನು ಕಂಪನಿ ಬಸ್ಸಿಗೆ. ಅಕ್ಕನಿಗೆ ಮೂರನೇ ಮಹಡಿಯ ನಾಲ್ಕು ಗೋಡೆಗಳು. ತೆಲುಗು ಬಾರದು. ಊರಿಗೆ ಫೋನ್ ಮಾಡೋಣವೆಂದರೆ ರೋಮಿಂಗ್ ಜೇಬು ಸುಡುತ್ತಿದ್ದ ಕಾಲ.

"ಈ ಮನೇಲಿ ಹಗಲೊತ್ತು ನನ್ನ ಜೊತೆ ಮಾತಾಡೋದು ಫ್ರಿಜ್ ಒಂದೇ. ಅದೂ ಆಗಾಗ ಸುಮ್ಮನಾಗ್ಬಿಡುತ್ತೆ" ಎನ್ನುತ್ತಿದ್ದಳು ಅಕ್ಕ. ಕೊನೆಗೊಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು: "ದಸರಾ ಮುಗೀಲಿ, ನಾನು ಹಾಸನಕ್ಕೆ ಹೊರಟೆ. ನೀವು ರಿಟೈರಾದ ಮೇಲೆ ಬನ್ನಿ." ಅದು ತಮಾಷೆಯ ಮಾತಾಗಿರಲಿಲ್ಲ. ಅಟ್ಟದಿಂದ ಸೂಟ್‌ಕೇಸ್ ಆಗಲೇ ಇಳಿದಿತ್ತು.

ಹೆಂಡತಿ ಹೊರಟು ನಿಂತಾಗ ಗಂಡನಾದವನು ಏನು ಮಾಡಬೇಕು? ಸೀರೆ ತರಬೇಕು, ಬೀಚಿಗೆ ಕರೆದೊಯ್ಯಬೇಕು. ನಮ್ಮ ಭಾವ ನನ್ನನ್ನು ಎಳೆದುಕೊಂಡು ಸಿಂಹಾಚಲಂ ಬೆಟ್ಟದ ಬುಡಕ್ಕೆ ಹೊರಟರು, ಹಳೇ ಮೋಟಾರ್ ಸೈಕಲ್ ನೋಡಲು! "ಮೈಸೂರಲ್ಲಿ ತಯಾರಾದ ಗಾಡಿ ಕಣೋ. ನಮ್ಮ ಕಡೆಯೋನು. ಇಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡೀತಾ ಬಿದ್ದಿದಾನಂತೆ" ಎಂದರು, ಆಸ್ಪತ್ರೆಯಲ್ಲಿರುವ ನೆಂಟನನ್ನು ನೋಡಲು ಹೊರಟವರ ಧಾಟಿಯಲ್ಲಿ.

ಭಾವ ವರ್ಷಗಟ್ಟಲೆ ಹಳ್ಳಿಯ ಶಾಖೆಗಳಲ್ಲಿ ಎಮ್ಮೆ ಸಾಲ ಕೊಟ್ಟವರು. ಮಂಜೂರು ಮಾಡುವ ಮೊದಲು ಖುದ್ದಾಗಿ ಕೊಟ್ಟಿಗೆಗೆ ಹೋಗಿ ಎಮ್ಮೆ ನೋಡಿ ಬರುವುದು ಅವರ ಪದ್ಧತಿ. ಹುಟ್ಟುಗುಣ ಬಿಡಬಹುದು, ಬ್ಯಾಂಕಿನ ಅಭ್ಯಾಸ ಬಿಡುತ್ತದೆಯೇ? ಗಾಡಿಗೆ ಒಂದು ಸುತ್ತು ಬಂದರು. ಟ್ಯಾಂಕಿನ ಪಕ್ಕೆ ತಟ್ಟಿದರು. ಸೀಟಿನ ಬೆನ್ನು ಸವರಿದರು. ಹೆಡ್‌ಲೈಟಿನ ಮುಂದೆ ಬೆರಳಾಡಿಸಿ ಕಣ್ಣು ಪರೀಕ್ಷಿಸಿದರು. ಹಿಂದಿನ ಚಕ್ರದ ಹತ್ತಿರ ಬಂದಾಗ ಮಾತ್ರ ಒದೆ ತಪ್ಪಿಸಿಕೊಳ್ಳುವವರಂತೆ ಒಂದು ಮಾರು ದೂರ ಸರಿದೇ ನಡೆದರು. ಮಾರುವ ಮುದುಕ ಬಾಯಿಬಿಟ್ಟುಕೊಂಡು ನೋಡುತ್ತಿದ್ದ.

"ಸ್ವಭಾವಂ ಎಲಾ ಉಂಟುಂದಂಡಿ?" ಎಂದು ಭಾವ ತಮ್ಮ ಹರಕುಮುರುಕು ತೆಲುಗಿನಲ್ಲಿ ಅದರ ಸ್ವಭಾವ ಹೇಗೆಂದು ವಿಚಾರಿಸಿದರು.

"ಚಾಲಾ ಮಂಚಿದಿ ಸಾರ್!" ಎಂದ ಮುದುಕ. ಬಹಳ ಒಳ್ಳೆಯದು ಎಂದ ಮೇಲೆ ಇನ್ನೇನು? ವ್ಯಾಪಾರ ಮುಗಿಯಿತು. ಮುದುಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎಂಜಿನ್ ಶುರು ಮಾಡಿಸಿ ನೋಡಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಎಮ್ಮೆಯನ್ನು ಯಾರಾದರೂ ಸ್ಟಾರ್ಟ್ ಮಾಡಿ ನೋಡುತ್ತಾರೆಯೇ?

ರಸ್ತೆಗೆ ತಂದು ನೋಡಿದರೆ ಗಾಡಿಗೆ ಕಿಕ್ಕರೇ ಇಲ್ಲ! ಎಡಗಡೆ ಗೇರಿನದೊಂದು ಕಡ್ಡಿ, ಅಷ್ಟೇ. ಬಾಗಿಲು ಬಡಿದು ಕೇಳೋಣವೆಂದರೆ ಭಾವನಿಗೆ ಸಂಕೋಚ. ಸರಿ, ತಳ್ಳುತ್ತ ಹೊರಟೆವು. ದಾರಿಯುದ್ದಕ್ಕೂ "ಪೆಟ್ರೋಲ್ ಅಯಿಪೋಯಿಂದಾ ಸಾರ್?" ಎನ್ನುತ್ತ ಪೆಟ್ರೋಲ್ ಮುಗಿಯಿತೇ ಎಂದು ಕೇಳುವವರೇ. ಭಾವ ಪ್ರತಿಯೊಬ್ಬರ ಮುಂದೆಯೂ ನಿಂತು, "ಪೆಟ್ರೋಲ್ ಉಂದಂಡಿ, ಕಿಕ್ಕರ್ ಲೇದಂಡಿ" ಎಂದು, ಪೆಟ್ರೋಲ್ ಇದೆ, ಕಿಕ್ಕರ್ ಇಲ್ಲ ಎಂಬ ವರದಿಯನ್ನು ವಿನಯದಿಂದ ಒಪ್ಪಿಸಿದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೆಲಮಹಡಿಯ ಲಕ್ಷ್ಮಿಗಾರು ಎದುರಾದರು. ಅವರ ಯಜಮಾನರ ಬಳಿ ಹಿಂದೆ ಇಂಥದೇ ಗಾಡಿ ಇತ್ತಂತೆ. ಸೆರಗು ಸಿಕ್ಕಿಸಿಕೊಂಡು ಬಂದವರೇ ಗೇರಿನ ಕಡ್ಡಿಯನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರು. ಅದೇ ಕಿಕ್ಕರು! ಒಂದೇ ಕಡ್ಡಿಗೆ ಎರಡು ಉದ್ಯೋಗ. ಮೂರನೇ ಮಹಡಿಯಿಂದ ಅಕ್ಕನ ದನಿ ಬಂತು: "ನನ್ನನ್ನ ಹಾಸನಕ್ಕೆ ಬಿಟ್ಟು ಬರೋಕೆ ತಂದ್ರಾ ಇದನ್ನ?"

ಭಾನುವಾರಗಳು ರಿಪೇರಿಗೆ ಮೀಸಲಾದವು. ಭಾವ ಕಾರ್ಬುರೇಟರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಯಾವುದರಲ್ಲಿ? ಅಕ್ಕನ ಸಾರಿನ ಪಾತ್ರೆಯಲ್ಲಿ! ಅಕ್ಕ ದಡದಡನೆ ಮೆಟ್ಟಿಲಿಳಿದು ಬಂದಳು. ತಾನಾಗಿ ಅವಳು ಕೆಳಗಿಳಿದದ್ದು ಅದೇ ಮೊದಲು. "ಇನ್ಮೇಲೆ ಇದರಲ್ಲಿ ಸಾರು ಕುದಿಯಲ್ಲ, ಹೊತ್ಕೊಂಡು ಉರಿಯುತ್ತೆ!" ಎಂದು ಮಂಗಳಾರತಿ ಮಾಡಿದಳು. ಲಕ್ಷ್ಮಿಗಾರು ಒಂದಕ್ಷರ ಅರ್ಥವಾಗದಿದ್ದರೂ ಅವಳ ಪಕ್ಷ ವಹಿಸಿ ತೆಲುಗಿನಲ್ಲಿ ಸಹಸ್ರನಾಮ ಶುರು ಮಾಡಿದರು. ಗಂಡಂದಿರನ್ನು ಬೈಯುವುದಕ್ಕೆ ಭಾಷೆ ಅಡ್ಡ ಬಂದದ್ದುಂಟೇ? ಸಂಜೆಯ ಹೊತ್ತಿಗೆ ಇಬ್ಬರೂ ಪ್ರಾಣಸ್ನೇಹಿತೆಯರು.

ಅಂತೂ ಎಂಜಿನ್ ಗುಡುಗಿತು. ಆದರೆ ದಿನಾ ಬೆಳಗ್ಗೆ ಬ್ಯಾಂಕಿಗೆ ಹೊರಡುವಾಗ ಸರಿಯಾಗಿ ಕೈಕೊಡುತ್ತಿತ್ತು. ಅಕ್ಕಪಕ್ಕದವರೆಲ್ಲ ಸೇರಿ ತಳ್ಳಬೇಕು. ತಳ್ಳಿದವರಿಗೆ ಅಕ್ಕನ ಕಾಫಿ. ಕಾಫಿಯ ಜೊತೆ ಮಾತು, ಮಾತಿನ ಜೊತೆ ತೆಲುಗು. ದಸರಾ ಬಂತು, ಹೋಯಿತು. ಸೂಟ್‌ಕೇಸ್ ಯಾವಾಗ ಅಟ್ಟಕ್ಕೆ ಮರಳಿತೋ, ಅದರ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ಭಾವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ಮನೆ. ರಜೆಯಲ್ಲಿ ನಾನು ಹೋದಾಗ ಅಕ್ಕ ಸಪ್ಪಗಿದ್ದಳು. ಬಾಗಿಲು ಮತ್ತೆ ಮುಚ್ಚಿಕೊಂಡಿತ್ತು. ಸದ್ಯ ಗಾಡಿಯಾದರೂ ನೆಟ್ಟಗಾಗಲಿ ಎಂದು ಭಾವ ಮಲಗಿದ್ದಾಗ ಅದನ್ನು ಮೂಲೆಯ ಮೆಕ್ಯಾನಿಕ್ ಬಳಿ ಒಯ್ದೆ. ಅವನು ಸಡಿಲವಾಗಿದ್ದ ಒಂದು ವೈರನ್ನು ಬಿಗಿಮಾಡಿದ. ಅಷ್ಟೇ! ಮೊದಲ ಕಿಕ್ಕಿಗೇ ಶುರು.

ಹೆಮ್ಮೆಯಿಂದ ತಂದು ತೋರಿಸಿದರೆ ಭಾವನ ಮುಖ ಇಳಿದುಹೋಯಿತು. "ಯಾರು ಹೇಳಿದ್ರೋ ನಿಂಗೆ?" ಎಂದರು. ಆಮೇಲೆ ಮೆಲ್ಲಗೆ, "ಆ ವೈರು ನನಗೂ ಗೊತ್ತು ಕಣೋ. ವೈಜಾಗಲ್ಲೇ ಗೊತ್ತಾಗಿತ್ತು."

"ಮತ್ಯಾಕೆ ಸರಿ ಮಾಡ್ಲಿಲ್ಲ?"

ಅವರು ಅಕ್ಕನಿದ್ದ ಮಹಡಿಯತ್ತ ನೋಡಿದರು. "ಇಲ್ಲಿ ಅವಳಿಗೆ ಇನ್ನೂ ಯಾರೂ ಪರಿಚಯ ಆಗಿಲ್ಲ."

ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ. ಭಾವ ಬಗ್ಗಿ ವೈರನ್ನು ಸಡಿಲಿಸಿದರು, ನಾಲ್ಕು ಸಲ ಒದ್ದರು, ಬೀದಿಗೆಲ್ಲ ಕೇಳುವಂತೆ "ಅಯ್ಯೋ, ಮತ್ತೆ ನಿಂತೋಯ್ತಲ್ಲಪ್ಪ!" ಎಂದು ಕೂಗಿದರು. ಎದುರುಮನೆಯ ದಂಪತಿ ಹೊರಗೆ ಬಂದರು. ಸ್ವಲ್ಪ ತಳ್ಳಿಕೊಡಿ, ಕಾಫಿ ಕೊಡುತ್ತೇನೆ ಎಂದು ಮೇಲಿನಿಂದ ಅಕ್ಕನ ತೆಲುಗು ಕೇಳಿಸಿತು: "ಏವಂಡೀ, ಕಾಸ್ತ ತೋಸ್ತಾರಾ? ಕಾಫಿ ಇಸ್ತಾನು!"

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದಾಗುವವರೆಗೂ ಭಾವ ಬಗ್ಗಿಸಿದ ತಲೆ ಎತ್ತಲಿಲ್ಲ.