ಮೋಟಾರಿನ ಹಣೆಗೆ ವಿಭೂತಿ

ಮಳೆಯಿರಲಿ, ಮಂಜಿರಲಿ, ತನ್ನ ಮೋಟಾರನ್ನು ತಡೆಯುವ ಶಕ್ತಿ ಈ ಕೊಡಗಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ಶಿರಂಗಾಲದ ರೇವಣ್ಣ ಊಟದ ಎಲೆಯ ಮುಂದೆ ಕೂತು ಘೋಷಿಸಿದ. ಕೇಳುವುದಕ್ಕೆ ಇದ್ದವರು ಹೆಂಡತಿ ಸರ್ವಮಂಗಳ ಮತ್ತು ಮಾವ ಮರುಳಸಿದ್ದಪ್ಪನವರು, ಇಬ್ಬರೇ. ಹೆಂಡತಿ ಸಾರು ಬಡಿಸುತ್ತಿದ್ದಳು. ಮಾವನವರಿಗೆ ಎರಡು ಕಣ್ಣಿಗೂ ಪೊರೆ ಬಂದು ಎದುರಿಗಿದ್ದ ಎಲೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಹೀಗಾಗಿ ಘೋಷಣೆಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ.

"ನಾಳೆ ಬಸ್ಸಿಗೇ ಹೋಗಾನ ಕಣ್ರೀ," ಎಂದಳು ಸರ್ವಮಂಗಳ.

"ಮನೇಲಿ ಮೋಟಾರು ಇಟ್ಕೊಂಡು ಬಸ್ಸಿಗಾ? ಮುಖದ ಮೇಲೆ ಮೀಸೆ ಯಾಕಪ್ಪಾ ಅಂತ ಊರೋರು ಕೇಳ್ತಾರೆ!"

ಹೋಗಬೇಕಾದ ಕೆಲಸ ಸಣ್ಣದಲ್ಲ. ಮದರಾಸಿನಿಂದ ಕಣ್ಣಿನ ಡಾಕ್ಟರೊಬ್ಬರು ಮಡಿಕೇರಿಯ ಆಸ್ಪತ್ರೆಗೆ ಬಂದಿದ್ದರು. ಮೂರು ದಿನ ಮಾತ್ರ. ಅದರಲ್ಲಿ ಎರಡು ಕಳೆದಿತ್ತು. ನಾಳೆ ಹನ್ನೆರಡು ಗಂಟೆಯೊಳಗೆ ಬಂದವರಿಗೆ ಪೊರೆ ತೆಗೆಯುತ್ತಾರೆ, ತಪ್ಪಿದರೆ ಇನ್ನು ಬರುವ ವರ್ಷ. ಎಪ್ಪತ್ತು ದಾಟಿದ ಮರುಳಸಿದ್ದಪ್ಪನವರಿಗೆ ಬರುವ ವರ್ಷದ ಮೇಲೆ ಅಷ್ಟು ಭರವಸೆಯಿರಲಿಲ್ಲ. ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮೊಮ್ಮಗಳು ಸುಲೋಚನ, ಹೆಸರಿಟ್ಟವರೂ ಅವರೇ. ಆ ಮಗುವಿನ ಮೂಗು, ಕಿವಿ, ಗಲ್ಲ ಅವರ ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. "ಒಂದ್ಸಲ ಅದರ ಮುಖ ನೋಡ್ಬಿಟ್ರೆ ಸಾಕು ಕಣವ್ವ," ಎಂದು ಮುದುಕರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ರೇವಣ್ಣ ಮಗುವನ್ನೆತ್ತಿ ತಂದು ಅವರ ಕೈಗೆ ಕೊಡುತ್ತಿದ್ದ. ಅವನು ಜಂಬದವನು, ಕೆಟ್ಟವನಲ್ಲ.

ಮೋಟಾರಿನ ವಿಷಯವನ್ನೂ ಹೇಳಿಬಿಡಬೇಕು. ಸುಂಟಿಕೊಪ್ಪದ ಕಡೆಯ ಎಸ್ಟೇಟಿನ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಮಾರಿಹೋದ ಗಾಡಿ ಅದು. ಮೇಲೆ ಕ್ಯಾನ್ವಾಸು, ಪಕ್ಕಕ್ಕೆ ಪರದೆ, ಮುಂದೆ ದೊಡ್ಡ ಗಾಜು. ನಾಲ್ಕು ತಿಂಗಳಿಂದ ರೇವಣ್ಣನ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕದಲ್ಲಿ ನಿಂತಿತ್ತು. ಬಿಸಿಲಿದ್ದ ದಿನ ಫ್ರೇಜರ್‌ಪೇಟೆಯ ಸಂತೆಗೆ ಹೋಗಿ ಬರುತ್ತಿತ್ತು. ಮಳೆಯಲ್ಲಿ ಹೊರಗೆ ಹೊರಟಿದ್ದು ಎಮ್ಮೆ ಮಾತ್ರ.

ಆದರೆ ರೇವಣ್ಣ ತಯಾರಿಲ್ಲದೆ ಹೊರಡುವವನಲ್ಲ. ಫ್ರೇಜರ್‌ಪೇಟೆಯಲ್ಲಿ ಸಿಕ್ಕಿದ್ದ ಬಸ್ ಡ್ರೈವರ್ ಗುರುವಪ್ಪ ಒಂದು ಗುಟ್ಟು ಹೇಳಿಕೊಟ್ಟಿದ್ದ. ಈರುಳ್ಳಿ ಕೊಯ್ದು ಗಾಜಿಗೆ ಉಜ್ಜಿದರೆ ಮಳೆಹನಿ ನಿಲ್ಲುವುದಿಲ್ಲವಂತೆ, ಜಾರಿಹೋಗುತ್ತದಂತೆ. ರೇವಣ್ಣ ತೆಂಗಿನಕಾಯಿ ಗಾತ್ರದ ಒಂದು ಈರುಳ್ಳಿ ಆರಿಸಿ, ಎರಡು ಹೋಳು ಮಾಡಿ, ಟವೆಲಿನಲ್ಲಿ ಕಟ್ಟಿ ಸೀಟಿನ ಕೆಳಗಿಟ್ಟುಕೊಂಡ.

ಬೆಳಿಗ್ಗೆ ಮಗುವನ್ನು ಅತ್ತೆ ಕಾಂತಮ್ಮನ ಕೈಗೆ ಕೊಟ್ಟು ಸರ್ವಮಂಗಳ ಹೊರಗೆ ಬಂದಳು. ಕೈಯಲ್ಲಿ ಮಠದಿಂದ ತಂದ ವಿಭೂತಿ ಗಟ್ಟಿ. ಅದನ್ನು ನೀರಿನಲ್ಲಿ ತೇದು, ಮೂರು ಬೆರಳು ಅದ್ದಿ, ಮೋಟಾರಿನ ಮುಂದಿನ ಗಾಜಿಗೆ ಈ ಕೊನೆಯಿಂದ ಆ ಕೊನೆಗೆ ಎಳೆದಳು. ಮೂರು ಗೆರೆ, ದಪ್ಪಗೆ.

"ಅಯ್ಯೋ, ಗಾಜಿಗೆ ಯಾಕೆ? ಮುಂದಗಡೆ ಮೂತಿಗೆ ಹಚ್ಚು!"

"ಕೆಳಗೆ ಎರಡು ದೀಪ ಇದಾವಲ್ಲ, ಅವು ಕಣ್ಣು. ಕಣ್ಣಿನ ಮೇಲಿರೋದು ಹಣೆ. ವಿಭೂತಿ ಹಣೆಗೆ ಹಚ್ತಾರೋ ಮೂತಿಗೆ ಹಚ್ತಾರೋ?"

ರೇವಣ್ಣ ತಲೆದಿಂಬೊಂದನ್ನು ಅಡಿಗೆ ಹಾಕಿ ಎತ್ತರವಾಗಿ ಕೂತು, ಮೊದಲನೆಯ ಗೆರೆಗೂ ಎರಡನೆಯ ಗೆರೆಗೂ ನಡುವಿನ ಸಂದಿಯಲ್ಲಿ ರಸ್ತೆ ನೋಡುತ್ತ ಹೊರಟ. ಪಕ್ಕದಲ್ಲಿ ಹೆಂಡತಿ, ಹಿಂದೆ ಊರುಗೋಲು ಹಿಡಿದ ಮಾವ. ಸುಂಟಿಕೊಪ್ಪದವರೆಗೆ ಆ ಸಂದಿ ಸಾಕಾಯಿತು. ಅಲ್ಲಿಂದ ಮುಂದೆ ಮಳೆ ಹಿಡಿಯಿತು.

ಗಾಜು ಒರೆಸುವ ರಬ್ಬರು ಕಡ್ಡಿಯನ್ನು ಒಳಗಿನಿಂದ ಹಿಡಿ ಹಿಡಿದು ಆಡಿಸಬೇಕಿತ್ತು. ರೇವಣ್ಣನ ಎರಡು ಕೈಯೂ ಸ್ಟಿಯರಿಂಗ್ ಚಕ್ರದ ಮೇಲಿದ್ದವು.

"ಮಂಗಳ, ಆ ಹಿಡಿ ಆಡಿಸು."

"ಆಡಿಸಿದ್ರೆ ವಿಭೂತಿ ಅಳಿಸಿ ಹೋಯ್ತದೆ."

"ಅದು ಅಳಿಸದೇ ಇದ್ರೆ ನಾವು ಅಳಿಸಿ ಹೋಯ್ತೀವಿ!"

"ಕಣ್ಣಿನ ಕೆಲಸಕ್ಕೆ ಹೊರಟು ದಾರೀಲಿ ಯಾರಾದ್ರೂ ವಿಭೂತಿ ಒರೆಸ್ತಾರಾ? ಮಳೆ ತೊಳೆದ್ರೆ ಶಿವನ ಇಚ್ಛೆ. ನೀವು ಒರೆಸಿದ್ರೆ ನಿಮ್ಮ ಕರ್ಮ."

ಮಳೆಯ ಇಚ್ಛೆ ಏನೆಂದು ಸ್ವಲ್ಪ ದೂರ ಕಾದು ನೋಡಿದರು. ಮಠದ ವಿಭೂತಿ ಗಟ್ಟಿಮುಟ್ಟಾದದ್ದು, ಅಲ್ಲಾಡಲಿಲ್ಲ. ಕೊನೆಗೆ ವ್ಯಾಜ್ಯ ಹಿಂದಿನ ಸೀಟಿಗೆ ಹೋಯಿತು. ಮರುಳಸಿದ್ದಪ್ಪನವರು ಊರಿನಲ್ಲಿ ಹತ್ತಾರು ಪಂಚಾಯಿತಿ ಮಾಡಿದವರು.

"ಪೂರಾ ತೆಗೆದ್ರೆ ಅಳಿಸಿದಂಗೆ ಕಣವ್ವ. ಹರಡಿದ್ರೆ ಹಚ್ಚಿದಂಗೆ. ಆ ಕಡ್ಡಿ ತೆಗೀತದೋ ಹರಡ್ತದೋ ನೋಡು."

ಸರ್ವಮಂಗಳ ಹಿಡಿ ಆಡಿಸಿದಳು. ಕಡ್ಡಿ ಹರಡಿತು! ಬಹಳ ಚೆನ್ನಾಗಿ ಹರಡಿತು. ಇಲ್ಲಿಯವರೆಗೆ ಗೆರೆಗಳ ನಡುವೆ ಸಂದಿಯಾದರೂ ಇತ್ತು. ಈಗ ಗಾಜೆಲ್ಲ ಒಂದೇ ಗೆರೆ. ಮೋಟಾರು ಮೈಗೆಲ್ಲ ಭಸ್ಮ ಬಳಿದುಕೊಂಡ ಸನ್ಯಾಸಿಯಾಯಿತು. ಸನ್ಯಾಸಿಗೆ ಹಿಂದೆ ಮುಂದೆ ನೋಡುವ ಅಗತ್ಯವಿಲ್ಲ, ಸಂಸಾರಿಯಾದ ರೇವಣ್ಣನಿಗೆ ಇತ್ತು.

ಒರೆಸುವುದು ತಪ್ಪು, ಹಚ್ಚುವುದು ಸರಿ ಎಂದ ಮೇಲೆ ಈರುಳ್ಳಿ ಹಚ್ಚುವುದಕ್ಕೆ ಅಡ್ಡಿಯೇನು? ರೇವಣ್ಣ ಗಾಡಿ ನಿಲ್ಲಿಸಿ ಇಳಿದು, ಮಳೆಯಲ್ಲಿ ನೆನೆಯುತ್ತ, ಎರಡೂ ಹೋಳನ್ನು ಎರಡು ಕೈಯಲ್ಲಿ ಹಿಡಿದು ಗಾಜಿಗೆ ತಿಕ್ಕಿದ. ವಿಭೂತಿಯೂ ಈರುಳ್ಳಿಯ ರಸವೂ ಸೇರಿ ಗೋಡೆಗೆ ಬಳಿಯುವ ಸುಣ್ಣದ ಹದಕ್ಕೆ ಬಂತು. ಅದೇ ಕೈಯಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡ. ಆಮೇಲೆ ಕಣ್ಣು ತೆರೆಯುವುದು ಒಂದು ಕೆಲಸ, ಮುಚ್ಚುವುದು ಇನ್ನೊಂದು ಕೆಲಸವಾಯಿತು.

ಪಕ್ಕದ ಪರದೆ ಸರಿಸಿ, ತಲೆ ಹೊರಗೆ ಹಾಕಿ, ಅಳುತ್ತ ಗಾಡಿ ಬಿಟ್ಟ. ಅಷ್ಟರಲ್ಲಿ ಮಂಜು ಇಳಿಯಿತು. ತಲೆ ಹೊರಗಿದ್ದರೂ ಒಂದೇ, ಒಳಗಿದ್ದರೂ ಒಂದೇ. ಒಳಗೆ ಮೂರು ಜನರ ಉಸಿರಿಗೆ ಗಾಜು ಬೇರೆ ಬೆವರಿತು.

"ಯಾರೂ ಉಸಿರು ಬಿಡಬೇಡಿ!" ಎಂದು ರೇವಣ್ಣ ಅಪ್ಪಣೆ ಮಾಡಿದ.

"ಎಷ್ಟು ಹೊತ್ತು?"

"ಮಡಿಕೇರಿ ಬರೋ ತನಕ!"

"ಹಂಗಾದ್ರೆ ಅಲ್ಲಿ ಕಣ್ಣಿನ ಡಾಕ್ಟರಿಂದ ಏನೂ ಆಗಲ್ಲ ಕಣ್ರೀ."

ಆಗ ಎಡಗಡೆಯ ಚಕ್ರದ ಅಡಿಯಿಂದ ಒಂದು ಕಲ್ಲು ಜಾರಿತು. ಉರುಳಿತು. ಉರುಳುತ್ತಲೇ ಹೋಯಿತು. ಅದು ನಿಂತ ಸದ್ದು ಯಾರಿಗೂ ಕೇಳಲಿಲ್ಲ. ರೇವಣ್ಣ ಬ್ರೇಕು ತುಳಿದು ಕೂತ. ಗಂಟೆ ಹತ್ತೂವರೆ.

ಸರ್ವಮಂಗಳಳ ಕಣ್ಣಲ್ಲಿ ನೀರು ಬಂತು, ಇದು ಈರುಳ್ಳಿಯದಲ್ಲ. "ತಿರುಗಿಸಿ. ಮಗು ಮನೇಲಿದೆ. ನಮ್ಮಪ್ಪನ ಕಣ್ಣು ಬರುವ ವರ್ಷ ಆಗ್ಲಿ."

ತಿರುಗಿಸುವುದಕ್ಕಾದರೂ ರಸ್ತೆ ಎಲ್ಲಿದೆಯೆಂದು ಗೊತ್ತಿರಬೇಕಲ್ಲ! ತನ್ನ ಮೀಸೆಯ ಆಸೆಗೆ ಮುದುಕರ ಆಸೆಯನ್ನು ಬಲಿಕೊಟ್ಟೆನೆಂದು ರೇವಣ್ಣನಿಗೆ ನಿಜವಾಗಿ ನಾಚಿಕೆಯಾಯಿತು.

ಹಿಂದಿನಿಂದ ಊರುಗೋಲಿನ ತುದಿ ಅವನ ಬಲ ಭುಜಕ್ಕೆ ತಾಗಿತು.

"ಅಳಿಯಂದ್ರೇ, ಹಳ್ಳದ ಸದ್ದು ಎಡಕ್ಕೆ ಭಾಳ ಹತ್ರ ಬಂದದೆ. ಬಲಕ್ಕೆ ತಿರುಗಿಸಿ. ನಿಧಾನ."

"ನಿಮಗೆ ಕಾಣ್ತದಾ ಮಾವ?"

"ಕಾಣೋದೇನು ಬಂತು? ಮೂವತ್ತು ವರ್ಷ ಅಕ್ಕಿ ಗಾಡಿ ಹೊಡೆದಿವ್ನಿ ಈ ದಾರೀಲಿ. ಏರು ಬಂದ್ರೆ ಬೆನ್ನಿಗೆ ತಿಳೀತದೆ, ತಿರುವು ಬಂದ್ರೆ ಸೊಂಟಕ್ಕೆ ತಿಳೀತದೆ. ನಾನು ಎಡಭುಜ ಮುಟ್ಟಿದ್ರೆ ಎಡಕ್ಕೆ, ಬಲಭುಜ ಮುಟ್ಟಿದ್ರೆ ಬಲಕ್ಕೆ. ಎತ್ತಿಗೂ ಹಂಗೇ ಹೇಳಿಕೊಟ್ಟಿದ್ದೆ, ಕಲ್ತ್ಕೊಂಡ್ವು."

ಎತ್ತುಗಳು ಕಲಿತಿದ್ದನ್ನು ರೇವಣ್ಣನೂ ಕಲಿತ. ಎರಡು ಕಣ್ಣೂ ಸುಡುತ್ತಿದ್ದವನು ಚಕ್ರ ಹಿಡಿದ, ಎರಡು ಕಣ್ಣೂ ಕಾಣದವರು ದಾರಿ ತೋರಿಸಿದರು, ಎರಡು ಕಣ್ಣೂ ನೆಟ್ಟಗಿದ್ದ ಸರ್ವಮಂಗಳ ಅವನ್ನು ಬಿಗಿಯಾಗಿ ಮುಚ್ಚಿಕೊಂಡು ಶಿವನಾಮ ಹೇಳುತ್ತ ಹಾರನ್ನಿನ ರಬ್ಬರು ಬುಡ್ಡೆ ಒತ್ತಿದಳು. ಪೋಂ, ಪೋಂ. ಹೀಗೆ ಅವರು ಬೋಯಿಕೇರಿ ದಾಟಿದರು.

ಅಲ್ಲಿ ಮಂಜಿನೊಳಗಿಂದ ಬಸ್ಸಿನ ಮೂತಿ ಹೊರಬಂತು. ಮೋಟಾರಿಗೆ ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಗುರುವಪ್ಪ ಕೆಳಗಿಳಿದು ಬಂದು ಗಾಜನ್ನು ನೋಡಿದ, ಮೂಸಿದ, ಆಮೇಲೆ ರೇವಣ್ಣನ ಮುಖ ನೋಡಿದ.

"ಎಂಥ ಮಾರಾಯ್ರೆ ಇದು! ನಾನು ಈರುಳ್ಳಿ ಹೇಳಿದ್ದು ತೊಳೆದ ಗಾಜಿಗೆ. ನೀವಿಲ್ಲಿ ಪಲ್ಯ ಮಾಡ್ತಾ ಇದ್ದೀರಲ್ಲ?"

ಅವನು ಹೆಚ್ಚು ಮಾತಾಡಲಿಲ್ಲ. ಗಾಜಿನ ಎರಡು ಪಕ್ಕದಲ್ಲಿದ್ದ ಹಿತ್ತಾಳೆಯ ತಿರುಪುಗಳನ್ನು ತಿರುಗಿಸಿದ. ಗಾಜಿನ ಮೇಲಿನ ಅರ್ಧ ಕಿಟಕಿಯ ಬಾಗಿಲಿನ ಹಾಗೆ ಮೇಲಕ್ಕೆದ್ದಿತು! ಎದುರಿಗೆ ಹತ್ತು ಮಾರು ರಸ್ತೆ ಕಂಡಿತು.

"ಮಂಜಿಗೆ ಅಂತಲೇ ಇದನ್ನ ಮಾಡಿರೂದು. ನಿಮಗೆ ಗೊತ್ತಿರ್ಲಿಲ್ವ?"

"ಆ ತಿರುಪು ಅಲಂಕಾರಕ್ಕೆ ಅಂದ್ಕೊಂಡಿದ್ದೆ," ಎಂದ ರೇವಣ್ಣ. ನಾಲ್ಕು ತಿಂಗಳಿಂದ ಅವನು ಅವಕ್ಕೆ ಹುಣಿಸೇಹಣ್ಣು ಹಾಕಿ ಉಜ್ಜಿ ಹೊಳಪು ಕೊಡುತ್ತಿದ್ದ.

ಸರ್ವಮಂಗಳ ಮೇಲೆದ್ದ ಗಾಜನ್ನು ಪರೀಕ್ಷಿಸಿದಳು. ವಿಭೂತಿ ಅಳಿಸಿರಲಿಲ್ಲ. ಹಣೆ ಸ್ವಲ್ಪ ಎತ್ತಿದಂತಾಗಿದೆಯಷ್ಟೆ, ದೋಷವಿಲ್ಲವೆಂದು ಒಪ್ಪಿದಳು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯ ಬಾಗಿಲು ಮುಟ್ಟಿದರು. ಕಾಂಪೌಂಡರು ಓಡಿ ಬಂದ. ಮುಖವೆಲ್ಲ ಬೆಳ್ಳಗಾಗಿ, ಕಣ್ಣು ಕೆಂಪಗೆ ಊದಿ, ನೀರು ಸುರಿಸುತ್ತ, ಗೋಡೆ ತಡವುತ್ತಿದ್ದ ರೇವಣ್ಣನ ಕೈಹಿಡಿದು ಮೆಲ್ಲಗೆ ಕರೆದೊಯ್ದು ಡಾಕ್ಟರ ಕುರ್ಚಿಯಲ್ಲಿ ಕೂರಿಸಿದ. ಮರುಳಸಿದ್ದಪ್ಪನವರು ಕೋಲೂರಿಕೊಂಡು ತಾವೇ ಹಿಂದೆ ನಡೆದು ಬಂದರು.

"ಪಾಪ, ಇವರಿಗೆ ಕಣ್ಣು ಹೋಗಿ ಎಷ್ಟು ಕಾಲವಾಯ್ತಮ್ಮ?" ಎಂದು ಕಾಂಪೌಂಡರು ಕೇಳಿದ.

"ಸುಂಟಿಕೊಪ್ಪ ದಾಟಿದ ಮೇಲೆ ಸ್ವಾಮಿ," ಎಂದಳು ಸರ್ವಮಂಗಳ.

ಆಮೇಲೆ ಸರಿಯಾದ ಮನುಷ್ಯರನ್ನು ಕೂರಿಸಿದರು, ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿ, "ಆರು ವಾರ ಕಳೀಲಿ ಯಜಮಾನ್ರೇ, ಆಮೇಲೆ ಸುಲೋಚನ ಬೇಕಾಗುತ್ತೆ," ಎಂದ ಕಾಂಪೌಂಡರು. "ನಾನು ಬಂದಿದ್ದೇ ಅದಕ್ಕೆ ಕಣಪ್ಪ," ಎಂದರು ಮುದುಕರು. ಕಾಂಪೌಂಡರು ಹೇಳಿದ್ದು ಕನ್ನಡಕವೆಂದು ಅವರಿಗೆ ಯಾರೂ ತಿದ್ದಿ ಹೇಳಲಿಲ್ಲ. ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಮುದುಕರು ಊರಿಗೆ ವಾಪಸು ಹೋದದ್ದು ಗುರುವಪ್ಪನ ಬಸ್ಸಿನಲ್ಲಿ, ಮೋಟಾರು ಹೋದದ್ದು ಬಿಸಿಲು ಬಂದ ಮೇಲೆ.

ಕನ್ನಡಕ ಬಂದ ದಿನ ಮಗುವನ್ನು ತಂದು ಅವರ ತೊಡೆಯ ಮೇಲೆ ಕೂರಿಸಿದರು. ಮರುಳಸಿದ್ದಪ್ಪನವರು ಬಹಳ ಹೊತ್ತು ನೋಡಿದರು. "ಥೇಟ್ ನಿಮ್ಮವ್ವನ ಹಣೆ ಕಣೇ ಮಂಗಳ," ಎಂದು ಅತ್ತೇಬಿಟ್ಟರು. ಅಳಬಾರದೆಂದು ಡಾಕ್ಟರ ಆಜ್ಞೆಯಿತ್ತು, ಆದರೆ ಹೇಳಬೇಕಾದವರೆಲ್ಲ ತಾವೇ ಅಳುತ್ತಿದ್ದರು. ಮಗು ಕನ್ನಡಕ ಕಿತ್ತುಕೊಳ್ಳಲು ನೋಡಿತು.

ಈ ಸಂತೋಷದಲ್ಲಿ ರೇವಣ್ಣನಿಗೆ ಹಳೆಯ ಉಮೇದು ಮತ್ತೆ ತಲೆಯೆತ್ತಿತು. ಎಷ್ಟಾದರೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದು ತನ್ನ ಮೋಟಾರೇ ತಾನೆ? ಮಾವನವರನ್ನು ಕೈಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗಾಡಿಯ ಮುಂದೆ ನಿಲ್ಲಿಸಿದ. ಮರುಳಸಿದ್ದಪ್ಪನವರು ಕನ್ನಡಕ ಸರಿಮಾಡಿಕೊಂಡು ಅದನ್ನು ಒಂದು ಸುತ್ತು ಬಂದರು. ಚಕ್ರ ನೋಡಿದರು. ಬಾಗಿಲಿಗೆ ಕಟ್ಟಿದ್ದ ಹಗ್ಗ ನೋಡಿದರು. ಬಗ್ಗಿ ಕೆಳಗೂ ನೋಡಿದರು.

"ಹೆಂಗದೆ ಮಾವ?" ಎಂದ ರೇವಣ್ಣ.

"ಎಲ್ಲಾ ಶಿವನ ಲೆಕ್ಕಾಚಾರ ಅಳಿಯಂದ್ರೇ," ಎಂದರು ಮುದುಕರು, ಎಮ್ಮೆಯ ಬೆನ್ನು ಸವರುತ್ತ. "ಅವತ್ತು ಕಣ್ಣಿದ್ದಿದ್ರೆ ನಾನು ನಿಮ್ಮ ಮೋಟಾರು ಹತ್ತುತ್ತಾ ಇರ್ಲಿಲ್ಲ. ಹತ್ತದೇ ಇದ್ದಿದ್ರೆ ಕಣ್ಣು ಬರ್ತಾ ಇರ್ಲಿಲ್ಲ."